ಸೇಫ್ಟಿ ಬೆಲ್ಟನ್ನು ಎಲ್ಲಿ ಇಡಬೇಕು? ಗೂಟ, ಚೀಲ, ಡಬ್ಬ, ಕಪಾಟು ಹೋಲಿಸಿ ನೋಡೋಣ

ಸಂಜೆ ಕೆಲಸ ಮುಗಿದ ಮೇಲೆ ಸೈಟಿನಲ್ಲಿ ಒಂದು ಸುತ್ತು ಹಾಕಿ. ಎತ್ತರದ ಕೆಲಸಕ್ಕೆ ಕಟ್ಟಿಕೊಳ್ಳುವ ಒಂದು ಸೇಫ್ಟಿ ಬೆಲ್ಟ್ ಸೆಂಟ್ರಿಂಗ್ ಹಲಗೆಯ ಮೇಲೆ ಬಿದ್ದಿರುತ್ತದೆ. ಇನ್ನೊಂದು ಕಂಬಿಯ ತುದಿಗೆ ನೇತಾಡುತ್ತಿರುತ್ತದೆ. ಮತ್ತೊಂದು ಸಿಮೆಂಟ್ ಮೂಟೆಯ ಮೇಲೆ ಮುದ್ದೆಯಾಗಿ ಕೂತಿರುತ್ತದೆ. ದಿನಕ್ಕೆ 8 ಗಂಟೆ ಅದು ಕೆಲಸದವರ ಮೈಮೇಲೆ ಇರುತ್ತದೆ. ಉಳಿದ 16 ಗಂಟೆ ಹೀಗೆ ಎಲ್ಲೋ ಇರುತ್ತದೆ. ಮಂಗಳೂರಿನಲ್ಲಿ ಕಟ್ಟಡ ಕೆಲಸದ ಸ್ಟೋರ್ ನೋಡಿಕೊಳ್ಳುತ್ತಾ 14 ವರ್ಷ ಆಯಿತು. ನಾನು ಎಸೆದ ಬೆಲ್ಟುಗಳಲ್ಲಿ ಜಾಸ್ತಿ ಪಾಲು ಹಾಳಾಗಿದ್ದು ಆ 16 ಗಂಟೆಗಳಲ್ಲೇ.

ಈ ಬರಹ ದೊಡ್ಡ ಕಂಪನಿಗಳಿಗಲ್ಲ. ಅಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಸೇಫ್ಟಿ ಆಫೀಸರ್ ಇರುತ್ತಾರೆ. ನಾಲ್ಕೈದು ಬೆಲ್ಟ್ ಇಟ್ಟುಕೊಂಡ ಸಣ್ಣ ಕಂಟ್ರಾಕ್ಟರು, ಪೇಂಟಿಂಗ್ ಮೇಸ್ತ್ರಿ, ಅಡಿಕೆ ತೋಟದ ಮನೆಯವರು, ಸೋಲಾರ್ ಹಾಕುವ ಹುಡುಗರು ಇವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾವೆಲ್ಲ ಬಾಯಿಮಾತಿಗೆ ಬೆಲ್ಟ್ ಅನ್ನುತ್ತೇವೆ, ಆದರೆ ನಾನು ಹೇಳುತ್ತಿರುವುದು ಹೆಗಲು, ಎದೆ, ತೊಡೆ ಎಲ್ಲವನ್ನೂ ಸುತ್ತುವ ಫುಲ್ ಬಾಡಿ ಹಾರ್ನೆಸ್ ಬಗ್ಗೆ. ಸೊಂಟಕ್ಕೆ ಮಾತ್ರ ಕಟ್ಟುವ ಹಳೇ ಬೆಲ್ಟ್ ನಿಮ್ಮ ಹತ್ತಿರ ಇದ್ದರೆ ಅದನ್ನು ಬಿದ್ದಾಗ ಹಿಡಿದು ನಿಲ್ಲಿಸುವ ಕೆಲಸಕ್ಕೆ ಬಳಸಲೇಬೇಡಿ. ಬಿದ್ದ ಏಟೆಲ್ಲ ಹೊಟ್ಟೆ ಮತ್ತು ಬೆನ್ನುಮೂಳೆಗೇ ಬೀಳುತ್ತದೆ.

ಮೊದಲು ಪಟ್ಟಿ ಯಾವುದು ಅಂತ ನೋಡಿ

ಹಾರ್ನೆಸ್ಸಿನ ಪಟ್ಟಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಇರುತ್ತದೆ, ಇಲ್ಲವೇ ನೈಲಾನ್. ಲೇಬಲ್ಲಿನಲ್ಲಿ ಬರೆದಿರುತ್ತದೆ. ನೈಲಾನ್ ಅಂತ ಇಲ್ಲದೆ ಪಾಲಿಅಮೈಡ್ ಅಂತ ಇದ್ದರೂ ಅದು ನೈಲಾನೇ. ಎರಡೂ ಗಟ್ಟಿಯೇ, ಆದರೆ ಎರಡರ ಶತ್ರುಗಳು ಬೇರೆ. ಪಾಲಿಯೆಸ್ಟರ್ ಬಿಸಿಲನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ, ನೀರನ್ನು ಹೀರುವುದು ತೀರಾ ಕಡಿಮೆ. ಆದರೆ ಖಾರವಾದ ಕ್ಷಾರ, ಅಂದರೆ ಸುಣ್ಣದಂಥ, ಆಸಿಡ್ಡಿಗೆ ವಿರುದ್ಧ ಗುಣದ ವಸ್ತು, ಅದಕ್ಕೆ ಆಗುವುದಿಲ್ಲ. ನೈಲಾನ್ ಕ್ಷಾರಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಆಸಿಡ್ ತಾಗಿದರೆ ಮಾತ್ರ ಸೋಲುತ್ತದೆ. ನೀರು ಹೀರಿಕೊಂಡಾಗ ಅದರ ಬಲ ಸ್ವಲ್ಪ ತಗ್ಗುತ್ತದೆ, ಒಣಗುವುದಕ್ಕೂ ಜಾಸ್ತಿ ಹೊತ್ತು ಬೇಕು.

ಕಟ್ಟಡದ ಸೈಟಿನಲ್ಲಿ ಇವೆರಡೂ ಶತ್ರುಗಳು ಒಟ್ಟಿಗೇ ಇರುತ್ತವೆ. ಕಲಸಿದ ಸಿಮೆಂಟಿನ ಪಿಎಚ್ 12 ದಾಟುತ್ತದೆ, ಅಂದರೆ ಒಳ್ಳೇ ಖಾರದ ಕ್ಷಾರ. ಸುಣ್ಣವೂ ಹಾಗೆಯೇ. ಇನ್ನೊಂದು ಕಡೆ ಟೈಲ್ಸ್ ತೊಳೆಯುವ ಆಸಿಡ್, ಇನ್ವರ್ಟರಿನ ಬ್ಯಾಟರಿ. ಹಾಗಾಗಿ ಬೆಲ್ಟ್ ಎಲ್ಲಿಡಬೇಕು ಅನ್ನುವಾಗ ಪಕ್ಕದಲ್ಲಿ ಏನಿದೆ ಅನ್ನುವುದೇ ಮೊದಲ ಪ್ರಶ್ನೆ.

ಗೋಡೆಯ ಗೂಟ

ಪ್ರತಿದಿನ ಬಳಸುವ ಬೆಲ್ಟಿಗೆ ಗೂಟಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಗಾಳಿ ಆಡುತ್ತದೆ. ಬೆವರು, ಮಳೆನೀರು ರಾತ್ರಿಯಲ್ಲಿ ಆರುತ್ತದೆ. ಪಟ್ಟಿ ಮಡಚಿಕೊಳ್ಳುವುದಿಲ್ಲ, ಗಂಟು ಬೀಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆಲ್ಟ್ ಕಣ್ಣೆದುರಿಗೆ ಇರುತ್ತದೆ. ಒಂದು ಪಟ್ಟಿ ಕೊಯ್ದಿದ್ದರೆ ಹಾದುಹೋಗುವಾಗಲೇ ಕಾಣುತ್ತದೆ. ಖರ್ಚೂ ಇಲ್ಲ, ಉಳಿದ ಪೈಪಿನ ತುಂಡೇ ಸಾಕು.

ಆದರೆ ಗೂಟ ಅಂದರೆ ಮೊಳೆ ಅಲ್ಲ. ಮೊಳೆಗೆ ಪಟ್ಟಿಯನ್ನೇ ಸಿಕ್ಕಿಸಿದರೆ ತುಕ್ಕು ಹಿಡಿದ ತೆಳು ಅಂಚು ದಿನವೂ ಅದೇ ಜಾಗವನ್ನು ತಿನ್ನುತ್ತದೆ. ದಪ್ಪ ಪೈಪನ್ನೋ ಮರದ ಗೂಟವನ್ನೋ ಹಾಕಿ. ಬೆನ್ನಿನ ಹಿಂದೆ ಬರುವ ಡಿ ರಿಂಗನ್ನು, ಅಂದರೆ ಇಂಗ್ಲಿಷಿನ ಡಿ ಆಕಾರದ ಲೋಹದ ಬಳೆಯನ್ನು, ಅದಕ್ಕೆ ಹಾಕಿ ನೇತುಬಿಡಿ. ಆಗ ಹೆಗಲಿನ ಪಟ್ಟಿ, ತೊಡೆಯ ಪಟ್ಟಿ ತಾವಾಗಿಯೇ ಸರಿಯಾಗಿ ಇಳಿದು ನಿಲ್ಲುತ್ತವೆ. ಬೆಳಿಗ್ಗೆ ತೊಡುವವರಿಗೂ ಸಲೀಸು. ಬೆಲ್ಟನ್ನು ಗಟ್ಟಿ ಆಧಾರಕ್ಕೆ ಸಿಕ್ಕಿಸುವ ಹಗ್ಗ, ಅಂದರೆ ಲ್ಯಾನ್ಯಾರ್ಡನ್ನು ಬಿಚ್ಚಿ ಪಕ್ಕದ ಗೂಟಕ್ಕೆ ಹಾಕುವುದು ಒಳ್ಳೆಯದು. ಅದರ ದೊಡ್ಡ ಹುಕ್ಕು ಹಾರ್ನೆಸ್ಸಿನ ಹೊಲಿಗೆಗೆ ಬಡಿಯುತ್ತಾ ಇರುವುದು ತಪ್ಪುತ್ತದೆ.

ಗೂಟ ಎಲ್ಲಿರಬೇಕು ಅನ್ನುವುದರಲ್ಲಿ ಜನ ತಪ್ಪುತ್ತಾರೆ. ಶೆಡ್ಡಿನ ಬಾಗಿಲ ಪಕ್ಕ ಹಾಕುತ್ತಾರೆ, ಕೈಗೆ ಸಿಗಲಿ ಅಂತ. ಮಧ್ಯಾಹ್ನ ಮೂರರ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ. ಬಿಸಿಲು ತಿಂದ ಪಟ್ಟಿಯನ್ನು ಗುರುತಿಸುವುದು ಕಷ್ಟವಲ್ಲ. ಗಾಢ ಕಿತ್ತಳೆ ಬಣ್ಣ ಬೆಳ್ಳಗಾಗುತ್ತದೆ, ಪಟ್ಟಿ ಸೆಟೆದುಕೊಳ್ಳುತ್ತದೆ, ಮೇಲೆ ನವಿರಾಗಿ ನಾರು ಏಳುತ್ತದೆ. ಬಕಲ್ ಅಡಿಯಲ್ಲಿ ಮರೆಯಾಗಿದ್ದ ಭಾಗವನ್ನು ಸರಿಸಿ ನೋಡಿ. ಅಲ್ಲಿ ಮೊದಲಿನ ಬಣ್ಣ ಇರುತ್ತದೆ. ಎರಡಕ್ಕೂ ಎಷ್ಟು ವ್ಯತ್ಯಾಸವಿದೆಯೋ ಬಿಸಿಲು ಅಷ್ಟು ತಿಂದಿದೆ ಅಂತ ಲೆಕ್ಕ. ವೆಲ್ಡಿಂಗ್ ಮಾಡುವ ಜಾಗದ ಹತ್ತಿರವೂ ಗೂಟ ಬೇಡ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗುತ್ತದೆ, ಹಾರುವ ಕಿಡಿಯ ಬಿಸಿ ಅದರ ಎಷ್ಟೋ ಪಟ್ಟು. ಒಂದು ಕಿಡಿ ಬಿದ್ದ ಜಾಗ ಬೆರಳಿಗೆ ಗಟ್ಟಿ ಮಣಿಯ ಹಾಗೆ ಸಿಗುತ್ತದೆ.

ಚೀಲ

ಚೀಲದಲ್ಲಿ ಮೂರು ಬಗೆ. ಬಟ್ಟೆ ಅಥವಾ ಬಲೆಯ ಚೀಲ, ಪ್ಲಾಸ್ಟಿಕ್ ಕವರು, ಖಾಲಿ ಸಿಮೆಂಟ್ ಚೀಲ. ಮೂರನೆಯದನ್ನು ಮೊದಲೇ ತೆಗೆದುಹಾಕಿಬಿಡೋಣ. ಎಷ್ಟು ಕೊಡವಿದರೂ ಸಿಮೆಂಟ್ ಪುಡಿ ಅದರ ಮೂಲೆಯಲ್ಲಿ ಉಳಿಯುತ್ತದೆ. ಬೆವರಿಗೆ ಒದ್ದೆಯಾದ ಪಾಲಿಯೆಸ್ಟರ್ ಪಟ್ಟಿ ಅದರೊಳಗೆ ಹೋದರೆ ಆ ಪುಡಿ ಪಟ್ಟಿಯ ನೇಯ್ಗೆಯೊಳಗೇ ಕೂರುತ್ತದೆ. ಗಟ್ಟಿಯಾದ ಕಣಗಳು ಪಟ್ಟಿ ಬಗ್ಗಿದಾಗಲೆಲ್ಲ ಒಳಗಿನ ನೂಲನ್ನು ಉಜ್ಜುತ್ತವೆ. ನಮ್ಮ ಕಡೆ ಪೇಂಟಿಂಗ್ ಹುಡುಗರು ಬೈಕಿಗೆ ಕಟ್ಟಿಕೊಂಡು ಹೋಗುವುದು ಹೆಚ್ಚಾಗಿ ಇದರಲ್ಲೇ. ಒಂದು ಬಟ್ಟೆ ಚೀಲ ಹೊಲಿಸಿಕೊಡಿ, ಅಷ್ಟೇ ಸಾಕು.

ಬಟ್ಟೆ ಚೀಲ ಓಡಾಟಕ್ಕೆ ತುಂಬ ಒಳ್ಳೆಯದು. ಧೂಳು ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಉಸಿರಾಡುತ್ತದೆ. ಆದರೆ ಅದು ಪ್ರಯಾಣದ ಜಾಗ, ಮಲಗುವ ಜಾಗ ಅಲ್ಲ. ಮನೆಗೆ ಹೋದ ತಕ್ಷಣ ತೆಗೆದು ನೇತು ಹಾಕಬೇಕು. ಚೀಲದಲ್ಲಿ ಬೆಲ್ಟ್ ಜೊತೆ ಬೇರೇನೂ ಬೇಡ. ಥಿನ್ನರ್ ಡಬ್ಬ, ಗೋಡೆಯ ಪುಟ್ಟಿ ಕೆರೆಯುವ ಬ್ಲೇಡು, ಡ್ರಿಲ್ಲಿನ ಬಿಟ್ ಇವೆಲ್ಲ ಬೇರೆ ಚೀಲಕ್ಕೆ.

ಪ್ಲಾಸ್ಟಿಕ್ ಕವರಿನ ಕಥೆ ಊರಿನ ಮೇಲೆ ನಿಂತಿದೆ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕವರಿನೊಳಗಿನ ಬೆಲ್ಟ್ ಎಲ್ಲಿಂದ ಒಣಗಬೇಕು? ಒಂದು ವಾರಕ್ಕೆ ಬೂಷ್ಟು, ಎರಡು ವಾರಕ್ಕೆ ಬಕಲ್ ಮೇಲೆ ತುಕ್ಕು. ಅದೇ ಕಲಬುರಗಿ ಕಡೆ ಸೇಡಂ, ವಾಡಿಯ ಸಿಮೆಂಟ್ ಫ್ಯಾಕ್ಟರಿಗಳ ಸುತ್ತ ಕೆಲಸ ಮಾಡುವವರಿಗೆ ಧೂಳೇ ದೊಡ್ಡ ತಲೆನೋವು. ಅಲ್ಲಿ ಚೆನ್ನಾಗಿ ಒಣಗಿದ ಬೆಲ್ಟನ್ನು ಕವರಿನಲ್ಲಿ ಇಡುವುದರಲ್ಲಿ ಅರ್ಥ ಇದೆ. ಆ ಕವರ್ ಬಿಸಿಲಿಗೆ ಇರಬಾರದು ಅಷ್ಟೇ.

ಮುಚ್ಚಳದ ಪ್ಲಾಸ್ಟಿಕ್ ಡಬ್ಬ

ಇದು ತೋಟದ ಮನೆಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ಊರು ಪುತ್ತೂರಿನ ಕಡೆ. ಮನೆಯಲ್ಲಿ ಅಡಿಕೆ ತೋಟ ಇದೆ. ಮರ ಹತ್ತುವ ಯಂತ್ರ ತಂದಾಗ ಜೊತೆಗೆ ಹಾರ್ನೆಸ್ ಕೂಡ ತಂದೆವು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಬಿಟ್ಟು ಉಳಿದ ಕಾಲ ಅದಕ್ಕೆ ಕೆಲಸ ಇಲ್ಲ. ಮೊದಲ ವರ್ಷ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆವು. ಮುಂದಿನ ಸಲ ತೆಗೆದಾಗ ಎಡಗಡೆಯ ತೊಡೆಯ ಪಟ್ಟಿಯನ್ನು ಇಲಿ ಅರ್ಧ ಕಡಿದಿತ್ತು. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ, ಮೆತ್ತೆಯ ಅಡಿಯಲ್ಲಿತ್ತು. ಅಪ್ಪ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡುತ್ತಾ ಕೂತರು. ಆ ಬೆಲ್ಟ್ ಕಟ್ಟಿಕೊಂಡು ಹತ್ತಬೇಕಾಗಿದ್ದವರು ಅವರೇ.

ಅಂದಿನಿಂದ ಬಿಗಿ ಮುಚ್ಚಳದ ಡಬ್ಬ. ಇಲಿ, ಜಿರಲೆ, ಇರುವೆ ಯಾವುದೂ ಹೋಗುವುದಿಲ್ಲ. ಒಂದೇ ಒಂದು ಷರತ್ತು ಇದೆ: ಪೂರ್ತಿ ಒಣಗಿದ್ದನ್ನು ಮಾತ್ರ ಹಾಕಬೇಕು. ಕೈಗೆ ಒಣಗಿದ ಹಾಗೆ ಕಂಡರೂ ಹೊಲಿಗೆಯ ದಪ್ಪ ಜಾಗದಲ್ಲಿ, ಮೆತ್ತೆಯ ಒಳಗೆ ಒದ್ದೆ ಉಳಿದಿರುತ್ತದೆ. ಇನ್ನೆರಡು ದಿನ ಜಾಸ್ತಿಯೇ ನೇತಾಡಲಿ. ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ. ಪಟ್ಟಿಯನ್ನು ಸಡಿಲವಾಗಿ ಸುತ್ತಿ, ಚೂಪಾಗಿ ಮಡಚಬೇಡಿ. ಮೇಲೆ ಭಾರ ಹೇರಬೇಡಿ. ತೋಟದ ಔಷಧಿ ಬಂದ ನೀಲಿ ಡ್ರಮ್ಮು ಎಷ್ಟು ತೊಳೆದರೂ ಇದಕ್ಕೆ ಬೇಡ, ಹೊಸ ಡಬ್ಬವೇ ಇರಲಿ.

ಕಬ್ಬಿಣದ ಕಪಾಟು

ಹತ್ತಕ್ಕಿಂತ ಜಾಸ್ತಿ ಬೆಲ್ಟ್ ಇರುವ ಕಡೆ ಕಪಾಟು ಬೇಕೇ ಬೇಕು. ಬೀಗ ಇರುತ್ತದೆ, ಯಾರು ಯಾವ ನಂಬರ್ ತೆಗೆದುಕೊಂಡು ಹೋದರು ಅಂತ ಬರೆದಿಡಬಹುದು. ಹಾಳಾದ ಬೆಲ್ಟನ್ನು ಯಾರೋ ಸುಮ್ನೆ ಎತ್ತಿಕೊಂಡು ಹೋಗುವುದು ನಿಲ್ಲುತ್ತದೆ. ಆದರೆ ಶೀಟಿನ ಶೆಡ್ಡಿನೊಳಗಿನ ಕಬ್ಬಿಣದ ಕಪಾಟು ಏಪ್ರಿಲ್ ತಿಂಗಳಲ್ಲಿ ಒಲೆಯ ಹಾಗೆ ಕಾಯುತ್ತದೆ. ಗಾಳಿಕಿಂಡಿ ಇರುವುದನ್ನೇ ಕೊಳ್ಳಿ, ನೆಲ ಅಂತಸ್ತಿನ ಕಾಂಕ್ರೀಟ್ ಕೋಣೆ ತಯಾರಾದ ತಕ್ಷಣ ಅಲ್ಲಿಗೆ ಸರಿಸಿ.

ಕಪಾಟಿನಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಬೀಗ ಇರುವ ಜಾಗ ಒಂದೇ ಇತ್ತು. ಹಾಗಾಗಿ ಟೈಲ್ಸ್ ತೊಳೆಯುವ ಆಸಿಡ್ ಬಾಟಲಿಗಳನ್ನೂ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಒಂದು ಬಾಟಲಿಯ ಮುಚ್ಚಳ ಸಡಿಲ ಇತ್ತು, ಚೆಲ್ಲಿರಲಿಲ್ಲ. ಬರೀ ಹೊಗೆ. ಒಂದು ತಿಂಗಳಲ್ಲಿ ಮೇಲಿನ ಅರೆಯ ಬೆಲ್ಟುಗಳ ಬಕಲ್ ಎಲ್ಲ ಬೆಳ್ಳಗೆ ಹುಡಿ ಹುಡಿಯಾಗಿ, ಒಳಗೆ ಕಂದು ತುಕ್ಕು ಎದ್ದಿತ್ತು. ಒತ್ತಿದರೆ ಒಂದು ಹುಕ್ಕಿನ ನಾಲಿಗೆ ವಾಪಸ್ ಬರಲಿಲ್ಲ. ಆರು ಬೆಲ್ಟ್ ಒಂದೇ ದಿನ ಎಸೆದೆವು. ಪಟ್ಟಿಗಳು ನೋಡಲು ಚೆನ್ನಾಗಿಯೇ ಇದ್ದವು, ಆದರೆ ಆಸಿಡ್ ಹೊಗೆ ಕುಡಿದ ಪಟ್ಟಿಯ ಬಲ ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ.

ಗಾಡಿಯ ಡಿಕ್ಕಿ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಬಿಸಿಲಿಗೆ ನಿಂತ ಗಾಡಿಯ ಒಳಗಿನ ಸೆಕೆ, ಪೆಟ್ರೋಲು, ಗ್ರೀಸು, ಜಾಕಿನ ಚೂಪು ಅಂಚು ಎಲ್ಲ ಒಂದೇ ಕಡೆ. ಕೆಲಸಕ್ಕೆ ಒಯ್ಯಿರಿ, ಅಲ್ಲೇ ಬಿಡಬೇಡಿ.

ಯಾವ ಊರಿಗೆ ಯಾವುದು

ಕರಾವಳಿಯಲ್ಲಿ ಇದ್ದರೆ ಮಳೆಗಾಲದಲ್ಲಿ ಗೂಟವೇ ಸರಿ. ಕೋಣೆಯಲ್ಲಿ ಒಂದು ಫ್ಯಾನ್ ಇರಲಿ. ಉಪ್ಪುಗಾಳಿ ಇರುವುದರಿಂದ ವಾರಕ್ಕೊಮ್ಮೆ ಬಕಲ್, ಹುಕ್ಕುಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಮಲೆನಾಡಿನಲ್ಲೂ ಇದೇ ಮಾತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇದೆ, ಬೆಲ್ಟಿಗೆ ಅದು ಬೇಡ. ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಧೂಳೂ ಜೊತೆಗೆ. ಅಲ್ಲಿ ದಪ್ಪ ಗೋಡೆಯ ಕೋಣೆಯೊಳಗೆ ಮುಚ್ಚಿದ ಕಪಾಟು ಅಥವಾ ಡಬ್ಬ ಒಳ್ಳೆಯದು. ಬೆಂಗಳೂರಿನವರಿಗೆ ಹವೆಯ ಕಾಟ ಕಡಿಮೆ, ಜಾಗದ ಕಾಟ ಜಾಸ್ತಿ. ಬಾಡಿಗೆ ಕೋಣೆಯಲ್ಲಿ ಇರುವ ಪೇಂಟಿಂಗ್ ಹುಡುಗರಿಗೆ ಬಾಗಿಲ ಹಿಂದಿನ ಒಂದು ಮರದ ಗೂಟ, ಓಡಾಟಕ್ಕೆ ಒಂದು ಬಟ್ಟೆ ಚೀಲ, ಇಷ್ಟು ಸಾಕು.

ತೊಳೆಯುವುದು: ಬಕೆಟ್, ಮಷಿನ್, ಪ್ರೆಶರ್ ಪಂಪು

ಬಕೆಟ್ಟೇ ನನ್ನ ಆಯ್ಕೆ. ತಣ್ಣೀರು ಅಥವಾ ಕೈಗೆ ಹಿತವಾದ ಉಗುರುಬೆಚ್ಚಗಿನ ನೀರು, 30 ಡಿಗ್ರಿ ಆಸುಪಾಸು. ಮಕ್ಕಳ ಬಟ್ಟೆಗೆ ಹಾಕುವಂಥ ಮೆದು ಲಿಕ್ವಿಡ್ ಸೋಪು ಸ್ವಲ್ಪ. ಬಟ್ಟೆಸೋಡ, ಬ್ಲೀಚಿಂಗ್ ಪೌಡರ್, ಪೇಂಟ್ ತೆಗೆಯಲು ಥಿನ್ನರ್ ಇವು ಯಾವುದೂ ಬೇಡ. ಪೇಂಟ್ ಕಲೆ ಇದ್ದರೆ ಇರಲಿ ಬಿಡಿ. ಪಟ್ಟಿಯನ್ನು ಸೆಟೆಯುವಷ್ಟು ದಪ್ಪಗೆ ಪೇಂಟ್ ಕೂತಿದ್ದರೆ ಆ ಬೆಲ್ಟ್ ಮುಗಿಯಿತು ಅಂತಲೇ ಅರ್ಥ, ಯಾಕೆಂದರೆ ಅಡಿಯ ನೂಲು ಹೇಗಿದೆ ಅಂತ ನೋಡಲು ಆಗುವುದಿಲ್ಲ. ಮೆದು ಬ್ರಶ್ಶಿನಲ್ಲಿ ಉಜ್ಜಿ, ಎರಡು ಮೂರು ನೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ನೇತು ಹಾಕಿ.

ವಾಷಿಂಗ್ ಮಷಿನ್ನಿಗೆ ಹಾಕಬಹುದು ಅಂತ ಕೆಲವು ತಯಾರಕರು ಹೇಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ನಿಮ್ಮ ಬೆಲ್ಟ್ ಜೊತೆ ಬಂದ ಕೈಪಿಡಿ ನೋಡಿ. ಹಾಕುವುದಾದರೆ ಬಲೆಯ ಚೀಲದಲ್ಲಿ ಹಾಕಿ, ಮೆದು ಸುತ್ತು, ಡ್ರೈಯರ್ ಬೇಡವೇ ಬೇಡ. ಪ್ರೆಶರ್ ಪಂಪು ಮಾತ್ರ ತಪ್ಪು. ಗಾಡಿ ತೊಳೆಯುವ ಜೋರಿಗೆ ಕೊಳೆ ಹೊರಗೆ ಬರುವ ಬದಲು ನೇಯ್ಗೆಯ ಒಳಕ್ಕೆ ಹೋಗುತ್ತದೆ.

ಅಡಿಕೆ ತೋಟದವರಿಗೆ ಒಂದು ವಿಶೇಷ ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಇರುತ್ತದೆ. ದ್ರಾವಣ ಹದಕ್ಕೆ ಬಂತೋ ಅಂತ ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವೆ, ಅಲ್ವಾ? ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಬೆಲ್ಟಿನ ಬಕಲ್ ಮೇಲೂ ಆಗುವುದು ಅದೇ. ತಾಮ್ರ ಕೂತ ಜಾಗದಲ್ಲಿ ಮೇಲಿನ ಲೇಪ ಹೋಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸುಣ್ಣ ಜಾಸ್ತಿಯಾದರೆ ಅದರ ಖಾರ ಪಾಲಿಯೆಸ್ಟರ್ ಪಟ್ಟಿಗೆ. ಈಗ ಹಲವರು ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಹೊಡೆಯುತ್ತಾರೆ, ಒಳ್ಳೆಯದಾಯಿತು. ಮರ ಹತ್ತಿಯೇ ಹೊಡೆಯುವವರು ಅದೇ ಸಂಜೆ ಬೆಲ್ಟನ್ನು ಒಳ್ಳೆ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ನಾಳೆ ನೋಡೋಣ ಅಂದರೆ ಬಕಲ್ಲಿನ ಸಂದಿಯಲ್ಲಿ ನೀಲಿ ಹುಡಿ ಗಟ್ಟಿಯಾಗಿರುತ್ತದೆ.

ಕೈಯಲ್ಲಿ ಹಿಡಿದು ನೋಡುವುದು

ಎಲ್ಲಿಟ್ಟರೂ ತೊಡುವ ಮುಂಚೆ ನೋಡಬೇಕು. ಪಟ್ಟಿಯನ್ನು ಎರಡು ಕೈಯಲ್ಲಿ ಒಂದು ಗೇಣು ಅಂತರ ಬಿಟ್ಟು ಹಿಡಿಯಿರಿ. ಕಮಾನಿನ ಹಾಗೆ ಮೇಲಕ್ಕೆ ಬಗ್ಗಿಸಿ. ಬಗ್ಗಿದಾಗ ಮೇಲ್ಮೈ ಬಿಗಿಯುತ್ತದೆ, ಕಡಿದ ನೂಲು ತಾನಾಗಿ ಎದ್ದು ನಿಲ್ಲುತ್ತದೆ. ಹಾಗೆಯೇ ಗೇಣು ಗೇಣಾಗಿ ಸರಿಸುತ್ತಾ ಹೋಗಿ, ಆಮೇಲೆ ಪಟ್ಟಿ ತಿರುಗಿಸಿ ಇನ್ನೊಂದು ಮುಖ ನೋಡಿ. ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದಲ್ಲಿ ಇರುವುದೇ ಒಂದು ಎಳೆ ಹೋದರೂ ಕಾಣಲಿ ಅಂತ. ಡಿ ರಿಂಗ್, ಬಕಲ್, ಹುಕ್ಕಿನ ನಾಲಿಗೆ ಎಲ್ಲವನ್ನೂ ಒತ್ತಿ ಬಿಟ್ಟು ನೋಡಿ. ಒಂದು ಬೆಲ್ಟಿಗೆ ಐದು ನಿಮಿಷ ಬೇಕು.

ಲ್ಯಾನ್ಯಾರ್ಡಿನ ಶಾಕ್ ಅಬ್ಸಾರ್ಬರ್ ಪೊಟ್ಟಣವನ್ನು ಮರೆಯಬೇಡಿ. ಒಳಗೆ ಮಡಚಿ ಹೊಲಿದ ಪಟ್ಟಿ ಇರುತ್ತದೆ. ಬಿದ್ದಾಗ ಅದು ಹರಿಯುತ್ತಾ ಹೋಗಿ ಜಗ್ಗುವ ಏಟನ್ನು ತಗ್ಗಿಸುತ್ತದೆ. ಯುರೋಪಿನ ಇಎನ್ 355 ಮಾನದಂಡದಲ್ಲಿ ಆ ಏಟು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ಭಾರದ ಎಳೆತ, ದಾಟುವ ಹಾಗಿಲ್ಲ. ಪೊಟ್ಟಣದ ಕವರ್ ಹರಿದು ಮಳೆನೀರು ಒಳಗೆ ಹೋಗಿದ್ದರೆ, ಅಥವಾ ಮಡಿಕೆ ಸ್ವಲ್ಪ ಬಿಚ್ಚಿದ್ದರೂ ಅದು ಕೆಲಸಕ್ಕೆ ಬಾರದು.

ನಂಬರ್ ಬರೆಯಲು ಮಾರ್ಕರ್ ಪೆನ್ನಿನಲ್ಲಿ ಪಟ್ಟಿಯ ಮೇಲೆ ಗೀಚಬೇಡಿ, ಆ ಶಾಯಿಯಲ್ಲೂ ರಾಸಾಯನಿಕ ಇರುತ್ತದೆ. ಲೇಬಲ್ಲಿನಲ್ಲಿ ಖಾಲಿ ಜಾಗ ಇರುತ್ತದೆ, ಅಲ್ಲಿ ಬರೆಯಿರಿ. ನಮ್ಮ ದೇಶದ ಮಾನದಂಡವಾದ ಐಎಸ್ 3521 ಅಂತ ಗುರುತು, ತಯಾರಾದ ತಿಂಗಳು, ಸೀರಿಯಲ್ ನಂಬರ್ ಎಲ್ಲ ಅದೇ ಲೇಬಲ್ಲಿನಲ್ಲಿ ಇರುತ್ತದೆ. ಲೇಬಲ್ ಓದಲು ಬರದ ಬೆಲ್ಟನ್ನು ನಾನು ಇಟ್ಟುಕೊಳ್ಳುವುದಿಲ್ಲ. ದಿನದ ನೋಟದ ಜೊತೆಗೆ ತಿಳಿದವರಿಂದ ವರ್ಷಕ್ಕೊಮ್ಮೆಯಾದರೂ ಪೂರ್ತಿ ತಪಾಸಣೆ ಮಾಡಿಸಿ. ಯುರೋಪಿನ ಇಎನ್ 365 ಮಾನದಂಡ ಹೇಳುವುದು ಕಡಿಮೆ ಅಂದರೂ 12 ತಿಂಗಳಿಗೆ ಒಮ್ಮೆ ಅಂತ. ನಮ್ಮ ಸೈಟಿನ ಸಿಮೆಂಟು ಧೂಳಿಗೆ ಮೂರು ತಿಂಗಳಿಗೊಮ್ಮೆ ಮಾಡಿಸಿದರೂ ಜಾಸ್ತಿ ಅಲ್ಲ.

ಎಸೆಯುವಾಗ

ವರ್ಷದ ಲೆಕ್ಕಕ್ಕೆ ಎಸೆಯಬೇಕೋ, ಸ್ಥಿತಿ ನೋಡಿ ಎಸೆಯಬೇಕೋ ಅಂತ ಕೇಳುತ್ತಾರೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ತಯಾರಕರು ಕೊಟ್ಟ ಆಯಸ್ಸು ಮುಗಿದರೆ ಹೊಸದರ ಹಾಗೆ ಕಂಡರೂ ಬೇಡ. ನಿನ್ನೆ ತಂದ ಬೆಲ್ಟೇ ಆದರೂ ಪಟ್ಟಿ ಕೊಯ್ದಿದ್ದರೆ ಬೇಡ. ದರ್ಜಿಯ ಹತ್ತಿರ ಹೊಲಿಸಿ ತರುವುದಂತೂ ಜೀವದ ಜೊತೆ ಆಟ.

ಒಬ್ಬರು ಬಿದ್ದು ಅದರಲ್ಲಿ ನೇತಾಡಿದ್ದರೆ ಆ ಬೆಲ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಎರಡು ವರ್ಷದ ಹಿಂದೆ ನಮ್ಮ ಹುಡುಗ ಒಬ್ಬ ಸ್ಕಫೋಲ್ಡಿಂಗಿನಿಂದ ಜಾರಿದ. ಬೆಲ್ಟ್ ಹಿಡಿಯಿತು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸಂಜೆ ನಾನು ಕತ್ತರಿ ತಂದಾಗ ಅವನೇ ಕೇಳಿದ, "ಅಣ್ಣ, ಹೊಸತೇ ಇದೆ ಅಲ್ವಾ, ಯಾಕೆ ಕಟ್ ಮಾಡ್ತೀರಿ?" ಡಿ ರಿಂಗಿನ ಕೆಳಗೆ ಮಡಚಿ ಹೊಲಿದಿದ್ದ ಜಾಗ ಬಿಚ್ಚಿ ಉದ್ದವಾಗಿದ್ದನ್ನು ತೋರಿಸಿದೆ. ಅವನು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡ, ನಾನು ಕತ್ತರಿಸಿದೆ.

ಕತ್ತರಿಸದೆ ಕಸಕ್ಕೆ ಹಾಕಬೇಡಿ. ಯಾರೋ ಎತ್ತಿಕೊಂಡು ಹೋಗಿ ಇನ್ನೊಂದು ಸೈಟಿನಲ್ಲಿ ತೊಡುತ್ತಾರೆ. ಹೆಗಲಿನ ಎರಡು ಪಟ್ಟಿ, ತೊಡೆಯ ಎರಡು ಪಟ್ಟಿ, ನಾಲ್ಕೂ ಕಡೆ ಕತ್ತರಿಸಿ. ಬಕಲ್ ಚೆನ್ನಾಗಿದೆ ಅಂತ ಬಿಚ್ಚಿ ಇಟ್ಟುಕೊಳ್ಳಬೇಡಿ. ಲೇಬಲ್ ಕಿತ್ತು ರಿಜಿಸ್ಟರಿಗೆ ಅಂಟಿಸಿ, ಆ ನಂಬರಿನ ಮುಂದೆ ತಾರೀಖು ಮತ್ತು ಕಾರಣ ಬರೆಯಿರಿ. ಹೊಸ ಬೆಲ್ಟಿಗೆ ಅದೇ ನಂಬರನ್ನು ಮತ್ತೆ ಕೊಡಬೇಡಿ.